ಕುಡಿತ ಬಿಡಬಯಸುವವನಿಗೆ ದಾರಿ ತೋರುವವರಾರು?

ಕರ್ನಾಟಕ ಸರಕಾರವು 2025-26ನೇ ಸಾಲಿನ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿಯನ್ನು ಇರಿಸಿಕೊಂಡಿತು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ರಾಜ್ಯವಿದು. ಸಾರಾಯಿ ಹೋಯಿತು, ಕುಡಿತ ಉಳಿಯಿತು. ಮದ್ಯ ಎಲ್ಲಿ ದೊರೆಯುತ್ತದೆಂದು ಇಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಬಿಡಲು ನೆರವು ಎಲ್ಲಿ ದೊರೆಯುತ್ತದೆಂಬ ಪ್ರಶ್ನೆಗೆ ಮಾತ್ರ ನಮ್ಮ ಧರ್ಮಕೇಂದ್ರಗಳಲ್ಲಿ ಉತ್ತರಿಸಬಲ್ಲವರು ವಿರಳ.

ಈ ಕೊರತೆಯ ಆಳ ಎಷ್ಟೆಂಬುದನ್ನು ಕೇಂದ್ರ ಸರಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಬಯಲು ಮಾಡಿದೆ. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಮಂದಿ ಮದ್ಯಕ್ಕೆ ದಾಸರಾಗಿದ್ದಾರೆ. ಹೀಗೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ.

ನಮ್ಮ ಸಮುದಾಯ ಈ ವಿಷಯದಲ್ಲಿ ಎರಡು ನಾಲಿಗೆಯಿಂದ ಮಾತನಾಡುತ್ತಾ ಬಂದಿದೆ. ರೋಸ್, ಮದುವೆ, ಹಬ್ಬಗಳಲ್ಲಿ ಮದ್ಯವಿಲ್ಲದಿದ್ದರೆ ಆತಿಥ್ಯವೇ ಸಾಲದೆನ್ನುತ್ತೇವೆ. ಅದೇ ಮದ್ಯಕ್ಕೆ ಒಬ್ಬ ಬಲಿಯಾದನೆಂದರೆ ಅವನನ್ನು ಹಳಿಯುತ್ತೇವೆ. ಅವನ ಮನೆಯವರು ಮರ್ಯಾದೆಗೆ ಅಂಜಿ ಸಂಗತಿಯನ್ನು ಮುಚ್ಚಿಡುತ್ತಾರೆ. ತಪಸ್ಸುಕಾಲದ ನಲವತ್ತು ದಿನ ಲೋಟ ಮುಟ್ಟದವನು ಈಸ್ಟರ್ ಹಬ್ಬದಂದೇ ಮತ್ತೆ ಕುಡಿತಕ್ಕಿಳಿದರೆ ಅವನಿಗೆ ದೇವರ ಭಯವಿಲ್ಲವೆಂದು ಹೇಳಿಬಿಡುವುದು ಸುಲಭ. ಆದರೆ ಮದ್ಯವ್ಯಸನವು ರೋಗವೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ಏಕಾಂಗಿಯಾಗಿ ಮಾಡಿದ ಪ್ರತಿಜ್ಞೆ ಬಹಳ ದಿನ ಬಾಳದು. ಅದಕ್ಕೆ ಜೊತೆ ಬೇಕು.

ಆ ಜೊತೆಯನ್ನು ಒದಗಿಸಲೆಂದೇ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದದ್ದೇ ಇದರ ಮೂಲ. ಭಾರತದಲ್ಲಿ ಇದು 1957ರಿಂದ ನೆಲೆಯೂರಿದೆ. ಕಥೋಲಿಕರಿಗೆ ಇದರೊಡನೆ ಹಳೆಯ ನಂಟಿದೆ. ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂದೆಗೆಯುತ್ತಿದ್ದ ಕಾಲದಲ್ಲಿ, 1939ರಲ್ಲಿ, ಆಕ್ರನ್‌ನ ಸಂತ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಷಿಯಾ ಅವರಿಗೆ ಬಾಗಿಲು ತೆರೆದರು. ಗುಣಮುಖರಾಗಿ ಹೊರಡುವವರ ಕೈಗೆ ಅವರು ಯೇಸುವಿನ ಪವಿತ್ರ ಹೃದಯದ ಪದಕವನ್ನಿತ್ತು, ಮತ್ತೆ ಕುಡಿಯುವುದಾದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕೆಂದು ಮಾತು ಪಡೆಯುತ್ತಿದ್ದರು.

ಹಾಗೆಂದು ಈ ಬಳಗ ಯಾವ ಧರ್ಮಕ್ಕೂ ಸೇರಿದ್ದಲ್ಲ. ಪ್ರವೇಶಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ತೆರೆದ ಸಭೆಗೆ ಮನೆಯವರೂ ಹೋಗಬಹುದು. ಮುಚ್ಚಿದ ಸಭೆ ಕುಡಿತದಿಂದ ಬಿಡುಗಡೆ ಬಯಸುವವರಿಗಷ್ಟೇ ಮೀಸಲು. ಕುಟುಂಬದವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಗಂಡನ ಕುಡಿತಕ್ಕೆ ತಾನೇ ಹೊಣೆಯೆಂದು ಕೊರಗುವ ಗೃಹಿಣಿ ಇದನ್ನು ತಿಳಿದಿರುವುದು ಅತ್ಯಗತ್ಯ.

ಇಂಥ ಸಭೆಗಳಿಂದ ಪ್ರಯೋಜನವುಂಟೇ? 27 ಅಧ್ಯಯನಗಳನ್ನು ಪರಿಶೀಲಿಸಿ 2020ರಲ್ಲಿ ಹೊರಬಂದ ಕಾಕ್ರೇನ್ ವರದಿಯ ಪ್ರಕಾರ, ರೋಗಿಯನ್ನು ಕ್ರಮಬದ್ಧವಾಗಿ ಈ ಸಭೆಗಳೊಡನೆ ಬೆಸೆಯುವ ಚಿಕಿತ್ಸೆಯು ಕುಡಿತವನ್ನು ಪೂರ್ಣವಾಗಿ ವರ್ಜಿಸುವುದರಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ನೀಡಿದೆ. 'ಬೆಸೆಯುವ' ಎಂಬ ಮಾತು ಇಲ್ಲಿ ಗಮನಾರ್ಹ. ಹೋಗು ಎಂದು ಹೇಳಿ ಕಳುಹಿಸುವುದಕ್ಕೂ ಕೈಹಿಡಿದು ಕರೆದೊಯ್ಯುವುದಕ್ಕೂ ಬಹಳ ಅಂತರವಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಭ್ರಮೆಗಳು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಮೊದಲು ವೈದ್ಯರ ಬಳಿಗೆ ಒಯ್ಯಬೇಕು. ಸಭೆ ವೈದ್ಯರಿಗೆ ಬದಲಿಯಲ್ಲ.

ಇನ್ನು ಸಭೆಯನ್ನು ಹುಡುಕುವ ಬಗೆ. ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ವಿಚಾರಿಸಬಹುದು. 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ. ದಿನ, ಗಂಟೆ, ಸ್ಥಳಗಳ ಜೊತೆಗೆ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆಂಬುದನ್ನೂ ಕೇಳಿ ತಿಳಿಯಬೇಕು. ಮನಸ್ಸಿನ ಭಾರ ಇಳಿಯುವುದು ತಾಯ್ನುಡಿಯಲ್ಲಿಯೇ. ಮೊದಲ ಸಭೆ ಹಿಡಿಸದಿದ್ದರೆ ಇನ್ನೊಂದು ಗುಂಪಿಗೆ ಹೋಗಿ ನೋಡಬೇಕು.

ಧರ್ಮಕೇಂದ್ರದ ಕರ್ತವ್ಯವಾದರೂ ಏನು? ಬಲಿಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಭೆಗಳ ವೇಳಾಪಟ್ಟಿಯೂ ಸೂಚನಾಫಲಕದಲ್ಲಿರಲಿ. ಸ್ವಂತ ಊರಿನ ಸಭೆಗೆ ಹೋಗಲು ನಾಚುವವನು ಪರಊರಿನ ಸಭೆಗೆ ಹೋದಾನು. ಆದ್ದರಿಂದ ನೆರೆಯ ಊರುಗಳ ವಿವರವನ್ನೂ ಅದರಲ್ಲಿ ಸೇರಿಸತಕ್ಕದ್ದು. ಪ್ರತಿ ವಾರ್ಡಿನ ಗುರಿಕಾರರಿಗೆ ಈ ಮಾಹಿತಿ ತಿಳಿದಿರಲಿ. ಬಳಗ ಕೇಳಿದರೆ ವಾರಕ್ಕೊಂದು ಸಂಜೆ ಒಂದು ಕೊಠಡಿಯನ್ನು ಬಿಟ್ಟುಕೊಡೋಣ. ಸಭೆಯನ್ನು ನಡೆಸುವ ಅಧಿಕಾರ ಮಾತ್ರ ನಮಗೆ ಬೇಡ. ಅಲ್ಲಿಗೆ ಯಾರು ಬಂದರು, ಹೋದರು ಎಂಬ ಕುತೂಹಲವೂ ಸಲ್ಲದು.

ತಪ್ಪಿದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿ ಹೊರಟ ಕುರುಬನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಮೂವತ್ತೆಂಟರಲ್ಲಿ ಮೂವತ್ತೇಳು ಮಂದಿ ಇಂದು ನೆರವಿಲ್ಲದೆ ನಿಂತಿದ್ದಾರೆ. ಅವರಲ್ಲಿ ಕೆಲವರು ಪ್ರತಿ ಭಾನುವಾರ ನಮ್ಮ ಇಗರ್ಜಿಯ ಹಿಂಬದಿಯ ಬೆಂಚುಗಳಲ್ಲಿಯೇ ಕುಳಿತಿರುತ್ತಾರೆ. ಅವರಿಗೆ ಉಪದೇಶ ಸಾಕಷ್ಟು ಸಂದಿದೆ. ಈಗ ಒಂದು ವಿಳಾಸ ಬೇಕು, ಮೊದಲ ದಿನ ಜೊತೆಯಲ್ಲಿ ನಡೆದುಬರುವ ಒಬ್ಬ ಸಹೋದರ ಬೇಕು.