ಸೂಚನೆಯ ಜೊತೆಗೆ ಅನ್ನವೂ ಬರಲಿ

ಕಾರ್ಮಿಕರ ಪತ್ರಿಕೆಗೂ ಕಡಲಿನ ಗಾಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. ಈ ಮುಂಬಯಿಯ ಹೋಟೆಲುಗಳಲ್ಲಿ ಬಟ್ಟಲು ತೊಳೆಯುವ ಹುಡುಗನಿಂದ ಗಲ್ಲೆಯ ಮೇಲೆ ಕೂತವನವರೆಗೆ, ಗಿರಣಿಗಳಲ್ಲಿ ದುಡಿದು ಇಂದಿಗೂ ಅದೇ ಚಾಳುಗಳಲ್ಲಿ ಉಳಿದಿರುವ ಹಿರಿಯರವರೆಗೆ, ನಮ್ಮಲ್ಲಿ ಬಹು ಮಂದಿಯ ಊರು ಕಡಲ ಕರೆಯಲ್ಲಿದೆ. ಅಣ್ಣ ಇಲ್ಲಿ ಚಹದ ತಟ್ಟೆ ಹಿಡಿದರೆ ತಮ್ಮ ಅಲ್ಲಿ ಹುಟ್ಟು ಹಿಡಿಯುತ್ತಾನೆ. ಇಬ್ಬರ ದುಡಿಮೆಯಿಂದ ಒಂದೇ ಒಲೆ ಉರಿಯುತ್ತದೆ. ಆದುದರಿಂದ ತಮ್ಮನು ಯಾವ ದಿನ ಕಡಲಿಗಿಳಿಯಬೇಕು, ಯಾವ ದಿನ ಇಳಿಯಬಾರದು ಎಂಬುದು ನಮ್ಮ ಸಂಘದ ಮಾತೂ ಆಗತಕ್ಕದ್ದೇ.

ಕರ್ನಾಟಕದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಸಂತತಿ ಉಳಿಯಲಿ ಎಂಬ ಆ ಉದ್ದೇಶ ಒಳ್ಳೆಯದು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ನಾಡದೋಣಿಗಳಿಗೂ, 10 ಅಶ್ವಶಕ್ತಿಯೊಳಗಿನ ಸಣ್ಣ ಯಂತ್ರ ಕಟ್ಟಿದ ದೋಣಿಗಳಿಗೂ ಈ ನಿಷೇಧದಿಂದ ವಿನಾಯಿತಿಯಿದೆ. ಬಡವನ ಹೊಟ್ಟೆ ನೋಡಿ ಕೊಟ್ಟ ವಿನಾಯಿತಿ ಅದು. ಅದರ ಫಲವನ್ನು ಮಾತ್ರ ಸ್ವಲ್ಪ ಯೋಚಿಸಿ ನೋಡಿರಿ. ವರ್ಷದಲ್ಲಿ ಕಡಲು ಅತಿ ಹೆಚ್ಚು ಕೆರಳಿರುವ ಎರಡು ತಿಂಗಳಲ್ಲಿ ದೊಡ್ಡ ದೋಣಿಗಳೆಲ್ಲ ಬಂದರಿನೊಳಗೆ ಹಗ್ಗ ಬಿಗಿದು ನಿಂತಿರುತ್ತವೆ; ಎಲ್ಲಕ್ಕಿಂತ ಸಣ್ಣ ದೋಣಿ ಅಳಿವೆಯನ್ನು ದಾಟಿ ಹೊರಗೆ ಹೋಗುತ್ತದೆ.

ಹೋಗುವವನು ಹುಚ್ಚನಲ್ಲ. ಅವನಿಗೆ ತನ್ನ ಕಡಲು ಗೊತ್ತಿದೆ. ಆದರೂ ಕೆಲವು ಮಾತುಗಳನ್ನು ಇಲ್ಲಿ ಬರೆಯುವುದು ನಮ್ಮ ಕರ್ತವ್ಯವೆಂದು ಎಣಿಸುತ್ತೇವೆ. ರಜೆಯ ಮೇಲೆ ಊರಿಗೆ ಹೋಗುವ ನಮ್ಮ ಹುಡುಗರು ಉತ್ಸಾಹದಿಂದ ದೋಣಿ ಹತ್ತುವುದುಂಟು. ವರ್ಷಗಟ್ಟಲೆ ಬಿಸಿ ಒಲೆಯ ಮುಂದೆ ನಿಂತವನ ಕಣ್ಣಿಗೆ ಕಡಲಿನ ಗುರುತು ತಪ್ಪಿ ಹೋಗಿರುತ್ತದೆ.

ಮೊದಲನೆಯದಾಗಿ, ದೋಣಿ ಬಿಡುವ ಹೊತ್ತಿನ ಗಾಳಿಯನ್ನು ನೋಡಿದರೆ ಸಾಲದು, ತಿರುಗಿ ಬರುವ ಹೊತ್ತಿನ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲ ಮುಗಿದ ತಿಂಗಳುಗಳಲ್ಲಿ ರಾತ್ರಿಯಿಡೀ ನೆಲ ತಣ್ಣಗಾಗಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬೆಳಗಿನ ಜಾವ ನೀರು ಎಣ್ಣೆಯಂತೆ ನಯವಾಗಿರುತ್ತದೆ. ಮಧ್ಯಾಹ್ನಕ್ಕೆ ನೆಲ ಕಾದು ಗಾಳಿ ತಿರುಗುತ್ತದೆ. ಕಡಲ ಮೇಲೆ ಬಿಳಿ ನೊರೆ ಏಳುತ್ತದೆ. ಹಾಯಿದೋಣಿಯ ಕಾಲದಲ್ಲಿ ಹಿರಿಯರು ಮೊದಲಿನ ಗಾಳಿಯಲ್ಲಿ ಹೋಗಿ ಎರಡನೆಯ ಗಾಳಿಯಲ್ಲಿ ಮನೆ ಸೇರುತ್ತಿದ್ದರು. ಈಗ ಯಂತ್ರವಿದೆಯೆಂಬ ಧೈರ್ಯದಿಂದ ಇನ್ನೊಂದು ಬಲೆ, ಇನ್ನೊಂದು ಬಲೆ ಎಂದು ಹೊತ್ತು ಕಳೆಯುವವರಿದ್ದಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತು ನಾಲ್ಕು ಪಟ್ಟಾಗುತ್ತದೆಂಬುದನ್ನು ನೆನಪಿಡಬೇಕು.

ಎರಡನೆಯದು ಅಳಿವೆ. ನಡುಗಡಲಿನಲ್ಲಿ ಬದುಕಿ ಬಂದವನು ಮನೆಯ ದೀಪ ಕಾಣುವಲ್ಲಿ ಮುಳುಗುವುದು ಇಲ್ಲಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಕ್ಕೆ ನುಗ್ಗುತ್ತದೆ, ತೆರೆ ಒಳಕ್ಕೆ ನುಗ್ಗುತ್ತದೆ. ಎರಡೂ ಮರಳದಿಣ್ಣೆಯ ಮೇಲೆ ಎದುರುಬದುರಾಗಿ ಗೋಡೆಯಂತೆ ಎದ್ದು ಒಡೆಯುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬಿದ್ದರೆ ಕೇಳುವುದೇ ಬೇಡ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಈ ಸೆಳೆತ ಹೆಚ್ಚು. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದಮೇಲೆ ಕಳೆದ ವಾರ ಸುಲಭವಾಗಿ ಒಳಬಂದ ಗಂಟೆಯೇ ಈ ವಾರ ಅಪಾಯದ ಗಂಟೆಯಾಗಬಹುದು. ಏರುವ ನೀರಿನಲ್ಲಿ, ಬೆಳಕಿರುವಾಗಲೇ ಅಳಿವೆ ಸೇರುವಂತೆ ಹೊರಡುವ ಹೊತ್ತನ್ನು ಹಿಂದಿನಿಂದ ಎಣಿಸಿ ಗೊತ್ತುಮಾಡಬೇಕು.

ಮೂರನೆಯದು, ಗಾಳಿಯಿಲ್ಲದೆ ಬರುವ ತೆರೆ. ಆಕಾಶ ಸ್ವಚ್ಛವಾಗಿದೆ, ಎಲೆ ಅಲ್ಲಾಡುವುದಿಲ್ಲ, ಆದರೂ ಉದ್ದುದ್ದ ತೆರೆಗಳು ಒಂದರ ಹಿಂದೊಂದು ಬಂದು ದಡ ನುಂಗುತ್ತವೆ. ಸಾವಿರಾರು ಮೈಲಿ ದೂರ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ನಡೆದು ಇಲ್ಲಿಗೆ ಬರುವುದಾಗಿದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎಂದು ಕರೆದರು, ಕಳ್ಳನಂತೆ ಬರುವ ಕಡಲು ಎಂದು. ಬೆಸ್ತರ ಬಾಯಿಯ ಆ ಮಾತನ್ನೇ ಇಂದು ವಿಜ್ಞಾನಿಗಳು ತಮ್ಮ ಸೂಚನೆಗಳಲ್ಲಿ ಬಳಸುತ್ತಾರೆ. ದುಡಿಯುವವನ ಅನುಭವಕ್ಕೆ ಶಾಸ್ತ್ರದವರು ತಲೆಬಾಗಿದ ಈ ಸಂಗತಿ ನಮಗೆ ಸಂತೋಷ ಕೊಡುತ್ತದೆ.

ನಾಲ್ಕನೆಯದು, ಸೂಚನೆಯನ್ನು ಓದುವ ಬಗೆ. ತೆರೆಯ ಎತ್ತರ 2 ಮೀಟರು ಎಂದು ಬಂದರೆ ಯಾವ ತೆರೆಯೂ ಅದಕ್ಕಿಂತ ಎತ್ತರವಿರದೆಂದು ತಿಳಿಯಬಾರದು. ಎತ್ತರದ ತೆರೆಗಳಲ್ಲಿ ಮೂರನೆಯ ಒಂದು ಪಾಲಿನ ಸರಾಸರಿ ಅದು. ನಡುನಡುವೆ ಅದರ ಹತ್ತಿರ ಹತ್ತಿರ ಇಮ್ಮಡಿಯ ತೆರೆಯೂ ಬರುತ್ತದೆ. ಗಂಟೆಗೆ 45ರಿಂದ 55 ಕಿಲೋಮೀಟರು ಗಾಳಿ, ಆಗಾಗ 65ರ ಬೀಸು ಎಂದು ಬರೆದಿದ್ದರೆ ಆ ದಿನ ಸಣ್ಣ ದೋಣಿಗೆ ದಡವೇ ಜಾಗ. ಹೊರಡುವವನು ಎಣ್ಣೆಯನ್ನು ಮೂರು ಪಾಲು ಮಾಡಲಿ: ಒಂದು ಹೋಗಲು, ಒಂದು ಬರಲು, ಒಂದು ಕಷ್ಟಕಾಲಕ್ಕೆ. ಯಾವ ದಿಕ್ಕು, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಲಿ. ತೇಲು ಅಂಗಿ ದೋಣಿಯ ತಳದಲ್ಲಿ ಮಡಚಿಡುವ ವಸ್ತುವಲ್ಲ. ಕರಾವಳಿ ಕಾವಲು ಪಡೆಯ ತುರ್ತು ದೂರವಾಣಿ 1554 ಎಂಬುದು ಮನೆಯ ಹೆಂಗಸರಿಗೂ ಬಾಯಿಪಾಠವಿರಲಿ.

ಹಿರಿಯರ ಲೆಕ್ಕ ಬೇಕೇ, ಹವಾಮಾನ ಇಲಾಖೆಯ ಲೆಕ್ಕ ಬೇಕೇ ಎಂಬ ಜಗಳ ನಮ್ಮ ಖೋಲಿಗಳಲ್ಲೂ ನಡೆಯುತ್ತದೆ. ಈ ಜಗಳಕ್ಕೆ ಅರ್ಥವಿಲ್ಲ. 500 ಕಿಲೋಮೀಟರು ಆಚೆ ಏಳುವ ಚಂಡಮಾರುತ ಎಂತಹ ಅನುಭವಿಯ ಕಣ್ಣಿಗೂ ಕಾಣದು. ನಿಮ್ಮೂರ ಅಳಿವೆಯ ಮರಳು ಈ ವರ್ಷ ಯಾವ ಕಡೆಗೆ ಸರಿದಿದೆ ಎಂಬುದು ಯಾವ ಉಪಗ್ರಹಕ್ಕೂ ತಿಳಿಯದು. ನೂಲಹುಣ್ಣಿಮೆಯ ಹೊತ್ತಿಗೆ ನಮ್ಮ ಮೊಗವೀರರು ಸಮುದ್ರಪೂಜೆ ಮಾಡುತ್ತಾರೆ. ಅದೇ ಹುಣ್ಣಿಮೆಯಂದು ಇಲ್ಲಿ ವರಳಿ, ವರ್ಸೋವಾಗಳ ಕೋಳಿ ಬಂಧುಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮಳೆಗಾಲದ ಆರ್ಭಟ ಇಳಿಯುವವರೆಗೆ ಕಾಯಿರಿ ಎಂಬುದೇ ಅದರ ಹುರುಳು. ಭಾಷೆ ಬೇರೆಯಾದರೂ ಕಡಲು ಕಲಿಸಿದ ಪಾಠ ಒಂದೇ.

ಇಷ್ಟೆಲ್ಲ ತಿಳಿದಿದ್ದರೂ ಜನ ಯಾಕೆ ಹೋಗುತ್ತಾರೆ? ನಮ್ಮ ಮುಖ್ಯ ಪ್ರಶ್ನೆ ಇದು.

ನಮ್ಮ ದೇಶದಲ್ಲಿ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. 1864ರಲ್ಲಿ ಕಲಕತ್ತೆಯನ್ನು ಹೊಡೆದ ಚಂಡಮಾರುತ ಅಪಾರ ಜನರನ್ನು ಬಲಿತೆಗೆದುಕೊಂಡ ಮೇಲೆ ಇಂಥ ವ್ಯವಸ್ಥೆ ಬೇಕೆಂಬ ಕೂಗು ಬಲವಾಯಿತು. ಬಂದರುಗಳ ಕಂಬಗಳ ಮೇಲೆ ಹಗಲು ಗುರುತು, ರಾತ್ರಿ ದೀಪ ಏರಿಸುವ ಪದ್ಧತಿ ಬಂತು. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಸಾಗರ ಮಾಹಿತಿ ಕೇಂದ್ರ ಇಂದು ತೆರೆಯ ಎತ್ತರ, ನೀರಿನ ಸೆಳೆತ, ಮೀನು ಸಿಗಬಹುದಾದ ಜಾಗ ಎಲ್ಲವನ್ನೂ ಮುಂಚಿತವಾಗಿ ಹೇಳುತ್ತದೆ. ಇದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಸೂಚನೆ ಹೊರಡುವುದು ಒಂದು ಮಾತು, ತಲುಪುವುದು ಇನ್ನೊಂದು ಮಾತು, ಅದರಂತೆ ನಡೆಯಲು ಶಕ್ತಿಯಿರುವುದು ಮತ್ತೂ ಒಂದು ಮಾತು.

2017ರ ನವೆಂಬರ ಕೊನೆಯಲ್ಲಿ ಬಂದ ಓಖಿ ಚಂಡಮಾರುತವನ್ನು ನೆನೆಯಿರಿ. ಬರಿಯ ವಾಯುಭಾರ ಕುಸಿತವಾಗಿದ್ದುದು ಒಂದೇ ದಿನದಲ್ಲಿ ಚಂಡಮಾರುತವಾಯಿತು. ತಿರುವನಂತಪುರ, ಕನ್ಯಾಕುಮಾರಿಗಳ ಮೀನುಗಾರರಲ್ಲಿ ಅನೇಕರು ಅದಕ್ಕೆ ಮುಂಚೆಯೇ ದೂರದ ಕಡಲಿಗೆ ಹೋಗಿದ್ದರು. ದಡದಲ್ಲಿ ಸಾರಿದ ಎಚ್ಚರಿಕೆ ಅವರ ಕಿವಿಗೆ ಬೀಳಲಿಲ್ಲ. ಸತ್ತವರು, ಕಾಣೆಯಾದವರು ಸೇರಿ 300ಕ್ಕೂ ಮೇಲು. ಅನೇಕ ದೋಣಿಗಳು ಈ ಮಹಾರಾಷ್ಟ್ರದ ದೇವಗಡದವರೆಗೆ ಬಂದು ಜೀವ ಉಳಿಸಿಕೊಂಡವು. ಅಲ್ಲಿ ಸೂಚನೆ ತಲುಪಲಿಲ್ಲ.

2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತದ ಸಂಗತಿ ಇನ್ನೊಂದು ಬಗೆಯದು. ಸೂಚನೆ ದಿನಗಳ ಮುಂಚೆಯೇ ಬಂದಿತ್ತು. ಹಾಗಿದ್ದೂ ಈ ಮುಂಬಯಿಯ ಎದುರಿನ ಎಣ್ಣೆಬಾವಿಗಳ ಬಳಿ ಪಿ-305 ಎಂಬ ಬಾರ್ಜು 261 ಮಂದಿಯನ್ನು ಹೊತ್ತು ಕಡಲಲ್ಲೇ ಉಳಿಯಿತು. ಮೇ 17ರಂದು ಅದು ಮುಳುಗಿತು. ನೌಕಾಪಡೆಯವರು ಬಹು ಮಂದಿಯನ್ನು ಎತ್ತಿ ತಂದರು. ಆದರೂ ಹತ್ತಾರು ಕೆಲಸಗಾರರು ಹೆಣವಾಗಿ ಬಂದರು. ಅಲ್ಲಿ ಸೂಚನೆ ತಲುಪಿತ್ತು. ಆದರೆ ಬಾರ್ಜು ದಡಕ್ಕೆ ಹೋಗಬೇಕೇ ಬೇಡವೇ ಎಂದು ಗೊತ್ತುಮಾಡುವ ಅಧಿಕಾರ ಬೆಸುಗೆ ಹಾಕುವವನಿಗೆ, ಅಡಿಗೆ ಮಾಡುವವನಿಗೆ ಇರಲಿಲ್ಲ.

ಇನ್ನು ನಮ್ಮೂರ ದೋಣಿಯವನ ಮಾತು. ಅವನಿಗೆ ಸೂಚನೆಯೂ ತಲುಪಿದೆ, ಬಿಡುವ ಅಧಿಕಾರವೂ ಇದೆ. ಇಲ್ಲದಿರುವುದು ಮನೆಯಲ್ಲಿ ಅಕ್ಕಿ. ಯಂತ್ರದ ಸಾಲ, ಬಲೆಯ ಸಾಲ, ಮಕ್ಕಳ ಶಾಲೆ ಆರಂಭದ ಖರ್ಚು, ಎಲ್ಲ ಒಟ್ಟಿಗೆ ಬರುವುದು ಜೂನಿನಲ್ಲಿ. 2020ರಲ್ಲಿ ಆರಂಭವಾದ ಕೇಂದ್ರ ಸರಕಾರದ ಮತ್ಸ್ಯಸಂಪದ ಯೋಜನೆಯಲ್ಲಿ ಮೀನುಗಾರಿಕೆಯಿಲ್ಲದ ಮೂರು ತಿಂಗಳಿಗೆ ಒಬ್ಬನಿಗೆ 4,500 ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ 1,500 ಅವನೇ ಮುಂಚೆ ಕಟ್ಟಿದ ಹಣ. ತಿಂಗಳಿಗೆ 1,500 ಎಂದಾಯಿತು, ದಿನಕ್ಕೆ 50. ನಮ್ಮ ಹೋಟೆಲಿನಲ್ಲಿ ಈ ಹಣಕ್ಕೆ ಒಬ್ಬನ ಒಂದು ಹೊತ್ತಿನ ಊಟ ಬರುವುದಿಲ್ಲ. ಅಲ್ಲಿ ಒಂದು ಸಂಸಾರ ದಿನವಿಡೀ ಬದುಕಬೇಕು. ಹೀಗಿರುವಾಗ ಎಚ್ಚರಿಕೆ ಕೊಟ್ಟರೂ ಹೋದ ಎಂದು ಸತ್ತವನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಗಿರಣಿಯಲ್ಲಿ ದುಡಿದ ಬಂಧುಗಳಿಗೆ ಈ ಮಾತು ಹೊಸದಲ್ಲ. ಪಟ್ಟಕ್ಕೆ ಕೈ ಸಿಕ್ಕಿ ಬೆರಳು ಹೋದರೆ ಹುಷಾರಿಲ್ಲದ ಕೆಲಸಗಾರ ಎನ್ನುತ್ತಿದ್ದರು. ಕೆಲಸಗಾರರು ಹೋರಾಡಿದರು. 1948ರ ಕಾರ್ಖಾನೆ ಕಾಯಿದೆ ಅಪಾಯದ ಯಂತ್ರಭಾಗಕ್ಕೆ ಬೇಲಿ ಹಾಕಲೇಬೇಕೆಂದಿತು. ಕಡಲಿಗೆ ಬೇಲಿ ಹಾಕಲಾಗದು, ನಿಜ. ಆದರೆ ಕಡಲಿಗೂ ಮನುಷ್ಯನಿಗೂ ನಡುವೆ ಒಂದು ದಿನದ ಕೂಲಿಯನ್ನು ಬೇಲಿಯಾಗಿ ನಿಲ್ಲಿಸಬಹುದು.

ದೊಡ್ಡ ದೋಣಿಗಳಲ್ಲಿ ದುಡಿಯುವವರ ಸ್ಥಿತಿಯನ್ನೂ ಮರೆಯಬಾರದು. ಅಲ್ಲಿ ಪಗಾರಕ್ಕಿಂತ ಪಾಲಿನ ಲೆಕ್ಕವೇ ಹೆಚ್ಚು. ಎಣ್ಣೆ, ಮಂಜುಗಡ್ಡೆಯ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ದೋಣಿ ಹೋಗದಿದ್ದರೆ ಪಾಲಿಲ್ಲ. ಮಲ್ಪೆಯಲ್ಲಿ, ಮಂಗಳೂರಿನಲ್ಲಿ ಇಂದು ಒಡಿಶಾ, ಝಾರಖಂಡ, ಆಂಧ್ರಗಳಿಂದ ಬಂದವರು ಬಹಳ ಮಂದಿ ಬಲೆ ಎಳೆಯುತ್ತಾರೆ. ನಾವು ಮುಂಬಯಿಯಲ್ಲಿ ಹೇಗೋ ಅವರು ಅಲ್ಲಿ ಹಾಗೆ. ಕನ್ನಡದಲ್ಲಿ ಸಾರಿದ ಸೂಚನೆ ಅವರಿಗೆ ಅರ್ಥವಾಗುತ್ತದೆಯೇ? ಇಲ್ಲಿ ಮರಾಠಿಯ ನೋಟೀಸು ಓದಲಾಗದೆ ಪಾಡುಪಟ್ಟ ನಮ್ಮವರು ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಸರಕಾರ ಕಡಲಿಗಿಳಿಯಬೇಡಿ ಎಂದು ಅಧಿಕೃತವಾಗಿ ಸಾರಿದ ಪ್ರತಿಯೊಂದು ದಿನಕ್ಕೂ ನಾಡದೋಣಿಯವನಿಗೆ ಒಂದು ದಿನದ ಕೂಲಿ ಸಲ್ಲಬೇಕು. ಸೂಚನೆಯಿರುವ ದಿನ ದೋಣಿ ಹತ್ತಲೊಲ್ಲದ ಕೆಲಸಗಾರನ ಕೆಲಸ ಹೋಗಬಾರದು, ಪಾಲು ಕಡಿಯಬಾರದು. ಮೊಬೈಲು ಮೂಕವಾಗುವ ದೂರದಲ್ಲೂ ಸೂಚನೆ ತಲುಪಿಸುವ ಯಂತ್ರ ದೋಣಿದೋಣಿಗೂ ಬರಬೇಕು. ಅದು ದೋಣಿಯಲ್ಲಿರುವವರ ಭಾಷೆಯಲ್ಲಿ ಮಾತಾಡಬೇಕು.

ಸರಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂಡಬೇಕೆಂದಿಲ್ಲ. ಮಳೆಗಾಲದ ಮೊದಲ ತಿಂಗಳು ಊರಿಗೆ ಕಳಿಸುವ ಹಣ ತಡವಾಗದಂತೆ ಪ್ರತಿಯೊಬ್ಬರೂ ನೋಡಿಕೊಳ್ಳಿರಿ. ಹೋಟೆಲಿಗೊಂದು ಡಬ್ಬಿ ಇಟ್ಟು ವಾರಕ್ಕೆ ಹತ್ತು ರೂಪಾಯಿ ಹಾಕಿದರೂ ಜೂನಿನ ಹೊತ್ತಿಗೆ ಒಂದು ಮನೆಯ ಅಕ್ಕಿಯಾದೀತು. ಫೋನಿನಲ್ಲಿ ತಮ್ಮನಿಗೆ ಇಂದು ಹೋಗಬೇಡ ಎಂದು ಹೇಳುವುದು ಸುಲಭ. ಆ ಮಾತಿನ ಹಿಂದೆ ಹತ್ತು ಸೇರು ಅಕ್ಕಿಯ ಹಣವಿದ್ದರೆ ಅವನು ಕೇಳುತ್ತಾನೆ, ಇಲ್ಲದಿದ್ದರೆ ಹುಟ್ಟು ಎತ್ತಿಕೊಳ್ಳುತ್ತಾನೆ. ಬರುವ ತಿಂಗಳಿನ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಲಿದ್ದೇವೆ. ಕರೆಯ ಊರಿನವರಷ್ಟೇ ಅಲ್ಲ, ಘಟ್ಟದ ಮೇಲಿನವರೂ ಬಂದು ಕೂಡಬೇಕೆಂದು ವಿನಂತಿಸುತ್ತೇವೆ.