ಟ್ಯಾಕಲ್ ಎಣಿಸೋದು ಬಿಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಎಷ್ಟು ಜನರನ್ನು ಕೆಡವಿದ ಅಂತ ಎಣಿಸಿ ಡಿಫೆಂಡರ್‌ಗೆ ಬೆಲೆ ಕಟ್ಟೋದು ತಪ್ಪು ಅಂತ ನನ್ನ ವಾದ. ಆರ್ಮಿ ತಂಡದ ಟ್ರಿಪಲ್ ಆಪ್ಷನ್ ನೋಡಿ. ಒಬ್ಬ ಡಿಫೆಂಡರನ್ನು ಬೇಕಂತಲೇ ಬ್ಲಾಕ್ ಮಾಡದೆ ಬಿಡ್ತಾರೆ. ಅವನು ಫುಲ್‌ಬ್ಯಾಕ್ ಮೇಲೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಡದೆ ತಾನೇ ಓಡ್ತಾನೆ. ತನ್ನ ಮೇಲೂ ಇನ್ನೊಬ್ಬ ಬಂದರೆ ಪಕ್ಕದಲ್ಲಿ ಓಡ್ತಿರೋನಿಗೆ ಎಸೀತಾನೆ. ಡಿಫೆಂಡರ್‌ನ ಆತುರವೇ ಅವರ ಆಯುಧ! ಹಾಗಾಗಿ ಈ ಮೂವರನ್ನೂ ಒಬ್ಬೊಬ್ಬರಿಗೆ ಹಂಚಿರ್ತಾರೆ. ಚೆಂಡು ಎಲ್ಲೇ ಇರಲಿ, ತನ್ನ ಪಾಲಿನವನನ್ನು ಬಿಡಬಾರದು. ಹೇಳೋಕೆ ಸುಲಭ. 2018ರಲ್ಲಿ ಬಲಿಷ್ಠ ಒಕ್ಲಹೋಮ ತಂಡಕ್ಕೂ ಆರ್ಮಿಯನ್ನು 28-21ರಿಂದ ಸೋಲಿಸೋಕೆ ಓವರ್‌ಟೈಮ್ ಬೇಕಾಯ್ತು. ಪಕ್ಕದ ಓಟಗಾರನನ್ನು ಕಾಯ್ತಾ ನಿಂತವನ ಹೆಸರು ಟ್ಯಾಕಲ್ ಪಟ್ಟಿಗೆ ಬರಲ್ಲ. ಆದರೆ ಕ್ವಾರ್ಟರ್‌ಬ್ಯಾಕ್ ಆ ಕಡೆ ಚೆಂಡು ಎಸೆಯದೆ ಇದ್ದದ್ದು ಅವನಿಂದಲೇ ಅಲ್ವಾ?