ಪುರಿ ಸಿಗದ ಮೀನುಗಳು

ಶೃಂಗೇರಿಗೆ ಹೋದವರು ಶಾರದಮ್ಮನ ದರ್ಶನ ಮುಗಿಸಿ, ವಿದ್ಯಾಶಂಕರ ಗುಡಿ ಸುತ್ತಿ, ತುಂಗೆಯ ಮೆಟ್ಟಿಲಿಗೆ ಇಳಿಯದೆ ಬರುವುದಿಲ್ಲ. ಒಂದು ಹಿಡಿ ಪುರಿ ಎರಚಿದರೆ ಸಾಕು, ದೊಡ್ಡ ದೊಡ್ಡ ಮೀನುಗಳು ಒಂದರ ಮೈಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಅವಕ್ಕೆ ಬಲೆಯ ಭಯವಿಲ್ಲ, ಗಾಳದ ಭಯವಿಲ್ಲ. ದೇವರ ಮೀನು ಎಂಬ ನಂಬಿಕೆ ತಲೆಮಾರುಗಳಿಂದ ಅವನ್ನು ಕಾಯುತ್ತ ಬಂದಿದೆ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲೂ, ಘಟ್ಟದ ಕೆಳಗೆ ಕಪಿಲೆಯ ದಡದ ಶಿಶಿಲದಲ್ಲೂ ಇದೇ ಕಾವಲು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷವಿಕ್ಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕ ಎದ್ದಿತು. ಮೀನಿಗಾಗಿ ಕಲ್ಲು ನೆಟ್ಟ ನಾಡು ನಮ್ಮದು ಎಂದು ನನಗೆ ಹೆಮ್ಮೆಯಿದೆ.

ಈ ಕಾವಲು ಮಾತ್ರ ದೇವಸ್ಥಾನದ ಮಡು ದಾಟಿ ಹೋಗುವುದಿಲ್ಲ. ನೆಮ್ಮಾರು, ಕೆರೆಕಟ್ಟೆ ಕಳೆದು ಕುದುರೆಮುಖದ ಕಾಡಿನತ್ತ ಏರಿದರೆ ತುಂಗೆ ಹಳ್ಳ ಹಳ್ಳವಾಗಿ ಒಡೆಯುತ್ತಾಳೆ. ಆ ಹಳ್ಳಗಳ ನೀರಿನಲ್ಲಿ ಬೆರಳುದ್ದವೂ ಬೆಳೆಯದ, ಮೈಮೇಲೆ ಗೆರೆಗಳಿರುವ ಒಂದು ಮೀನಿದೆ. 2015ರಲ್ಲಿ ವಿದ್ಯಾಧರ ಅಟ್ಕೋರೆ, ಮಾರ್ಕಸ್ ನೈಟ್, ಕೆ. ರೆಮಾದೇವಿ, ಜಗದೀಶ್ ಕೃಷ್ಣಸ್ವಾಮಿ ಅವರು ಇದನ್ನು ಹೊಸ ಪ್ರಭೇದವೆಂದು ಗುರುತಿಸಿ ಪೆಥಿಯಾ ಸ್ಟ್ರಿಯಾಟಾ ಎಂದು ಹೆಸರಿಟ್ಟರು. ನಮ್ಮೂರಿನ ಕಣ್ಣಿಗೆ ಇದೂ ಒಂದು ಸಸಲು, ಅಷ್ಟೇ. ಇದಕ್ಕೆ ಪುರಿ ಹಾಕುವವರಿಲ್ಲ, ಹರಕೆ ಹೊರುವವರಿಲ್ಲ.

ಪಶ್ಚಿಮ ಘಟ್ಟದ ಸಿಹಿನೀರ ಜೀವಿಗಳ ಸ್ಥಿತಿಗತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಒಟ್ಟಾಗಿ ಅಳೆದು ವರದಿ ಕೊಟ್ಟದ್ದು 2011ರಲ್ಲಿ. ಈ ಮೀನಿಗೆ ಹೆಸರು ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ಹಾಗಾಗಿ ಆ ಲೆಕ್ಕದಲ್ಲಿ ಇದು ಇರಲು ಸಾಧ್ಯವೇ ಇರಲಿಲ್ಲ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ‘ಮಾಹಿತಿ ಸಾಲದು’ ಎಂಬ ಒಂದು ವರ್ಗವಿದೆ. ಅದಕ್ಕೂ ಆಚೆ, ಇನ್ನೂ ಅಳೆಯದೇ ಬಿಟ್ಟವುಗಳ ಗುಂಪಿದೆ. ಹುಲಿ, ಸಿಂಗಳೀಕಗಳ ಹೆಸರು ಹೇಳಿ ಒಂದು ಯೋಜನೆಯನ್ನು ತಡೆಯಬಹುದು. ಈ ಗುಂಪುಗಳ ಮೀನಿನ ಹೆಸರು ಹೇಳಿದರೆ ಕಚೇರಿಯಲ್ಲಿ ಯಾರೂ ಕಿವಿಗೊಡರು. ಅಪಾಯದಲ್ಲಿದೆ ಎಂದು ಯಾರೂ ಬರೆದಿಲ್ಲವಾದ್ದರಿಂದ ಕ್ಷೇಮವಾಗಿದೆ ಎಂದೇ ಎಲ್ಲರೂ ಹಿಡಿದುಬಿಡುತ್ತೇವೆ. ನನ್ನನ್ನು ಕಾಡುವುದು ಇದೇ.

ಚಿಕ್ಕ ಮೀನಿನ ಪಾಡು ಮಾತ್ರ ಹೀಗೆ ಎನ್ನುವಂತಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಬ್ರಿಟಿಷರ ಕಾಲದಿಂದ ಗಾಳದವರ ಕನಸು. ಆಳೆತ್ತರದ ಆ ಮೀನಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರೆಷ್ಟೋ ಮಂದಿ. ಆದರೂ ಅದು ಯಾವ ಪ್ರಭೇದ ಎಂದು ಖಚಿತವಾದದ್ದು 2018ರಲ್ಲಿ. 2007ರಲ್ಲೇ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೇ ಅದು ಎಂದು ಆಗ ತಿಳಿಯಿತು. (ನಮ್ಮ ತುಂಗೆಯ ಪುಟ್ಟ ಮೀನಿಗೆ ಹೆಸರಿಟ್ಟ ನಾಲ್ವರಲ್ಲಿ ಒಬ್ಬರಾದ ರೆಮಾದೇವಿಯವರ ಹೆಸರೇ ಆ ದೈತ್ಯನಿಗೂ ಇದೆ.) ಹೆಸರು ಖಚಿತವಾದದ್ದೇ ತಡ, ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಈ ನಡುವೆ ಅದರ ಹೊಳೆಗೆ ದಶಕಗಳ ಕಾಲ ಹ್ಯಾಚರಿಯಲ್ಲಿ ಬೆಳೆಸಿದ ಬೇರೆ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಬಿಡಲಾಗಿತ್ತು. ಯಾವ ಮೀನು ಎಂದು ತಿಳಿಯದೆ ಮಾಡಿದ ಉಪಕಾರವೇ ಅದಕ್ಕೆ ಮುಳುವಾಯಿತು.

ನಮ್ಮ ಹಳ್ಳಗಳಿಗೆ ಬರುತ್ತೇನೆ. ಮುಂಗಾರು ಹಿಡಿದು ಕೆಂಪು ನೀರು ಇಳಿಯತೊಡಗಿದಾಗ ಮೊಟ್ಟೆಯಿಡಲು ಮೀನು ಏರುತ್ತದೆ, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಉದಕಕ್ಕೆ. ಹತ್ತುಮೀನಿನ ಆ ರಾತ್ರಿಗಳು ಮಲೆನಾಡಿನವರಿಗೆ ಗೊತ್ತು. ಕೂಳಿಯೊಡ್ಡಿ ಒಂದು ಸಾರಿಗಾಗುವಷ್ಟು ಹಿಡಿದದ್ದರಿಂದ ಮೀನಿನ ಸಂತತಿ ಅಳಿಯಿತೆಂದು ನಾನು ನಂಬುವುದಿಲ್ಲ. ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುವುದು, ಸಿಡಿಮದ್ದು ಎಸೆಯುವುದು ಬೇರೆ; ಅದು ಮರಿ, ಮೊಟ್ಟೆ, ಏಡಿ ಏನನ್ನೂ ಉಳಿಸುವುದಿಲ್ಲ. ಇನ್ನೊಂದು ಸಂಗತಿ ಹೇಳಲು ಕಷ್ಟವಾದರೂ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿಯನ್ನು ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿ ನೂರು ವರ್ಷ ದಾಟಿತು. ಅದಿಲ್ಲದೆ ಕೊಪ್ಪ, ಶೃಂಗೇರಿಯ ಅಡಿಕೆ ತೋಟ ಉಳಿಯುತ್ತಿರಲಿಲ್ಲ. ಮೀನಿಗೋ ಆ ದ್ರಾವಣದ ತಾಮ್ರ ತೀರ ಕಡಿಮೆ ಪ್ರಮಾಣದಲ್ಲೂ ವಿಷ. ಔಷಧಿ ಹೊಡೆಯುವ ತಿಂಗಳು, ಮೀನು ಮರಿಮಾಡುವ ತಿಂಗಳು ಎರಡೂ ಒಂದೇ. ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರುವಷ್ಟನ್ನಂತೂ ಮಾಡಬಹುದು.

ನರಸಿಂಹರಾಜಪುರದ ಕಡೆ ಕಥೆ ಬೇರೆ. ಲಕ್ಕವಳ್ಳಿಯ ಅಣೆಕಟ್ಟು ಭದ್ರೆಯನ್ನು ಹಿನ್ನೀರಾಗಿ ನಿಲ್ಲಿಸಿತು. ಹರಿವ ನೀರು, ಕಲ್ಲುಹಾಸು ಬೇಡುವ ಮೀನಿಗೆ ಅಲ್ಲಿ ಜಾಗವಿಲ್ಲ. ಕಾಟ್ಲಾ, ರೋಹು ಬೆಳೆದು ಮಾರುಕಟ್ಟೆಗೆ ಬರುತ್ತವೆ. ಉಳಿದ ಆಸರೆ ಹಿನ್ನೀರಿಗೆ ಸೇರುವ ಸಣ್ಣ ಹಳ್ಳಗಳೇ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಪಂಚಾಯಿತಿಗಳು ಬರುವ ಮುಂಗಾರಿಗೇ ಆ ಪುಸ್ತಕದಲ್ಲಿ ಮೀನಿನ ಪುಟ ತೆರೆಯಲಿ. ಕೂಳಿ ಹೆಣೆಯಬಲ್ಲ ಹಿರಿಯರನ್ನು ಕೂರಿಸಿಕೊಂಡು ಕೇಳಲಿ: ಯಾವ ಹಳ್ಳದಲ್ಲಿ ಯಾವ ಮೀನು, ಮೃಗಶಿರಕ್ಕೆ ಏರುತ್ತದೆಯೋ ಆರಿದ್ರೆಗೋ, ಮೊದಲಿದ್ದು ಈಗ ಕಾಣದಾದದ್ದು ಯಾವುದು. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಜೊತೆಗಿದ್ದು ಚಿತ್ರ ತೆಗೆದು, ಅಳತೆ ಬರೆದು, ಮೀನನ್ನು ಅದೇ ನೀರಿಗೆ ಬಿಡಲಿ. ಕೆಂಪು ಪಟ್ಟಿ ತಯಾರಿಸುವ ವಿಜ್ಞಾನಿಗಳು ಮುಂದಿನ ಸಲ ತುಂಗೆಯ ಮೀನುಗಳ ಲೆಕ್ಕ ಕೇಳಿದಾಗ ಕೊಡಲು ಆ ಪುಟಗಳಾದರೂ ನಮ್ಮ ಕೈಯಲ್ಲಿರುತ್ತವೆ.